ಬಾಣದಮ್ಮನಿಗೆ ಬಂದ ಮಫ್ಲರ್

ನನಗೆ ಹೆಣೆಯಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಇದು ಯಾರ ತಲೆಗೂ ಹೋಗಿಲ್ಲ. ಸ್ವೆಟರ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು ಎಂದಮೇಲೆ ಉಲ್ಲನ್ ಕಂಡರೆ ಕುಣಿದಾಡುತ್ತಾಳೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ. ವರ್ಷದ ಕೊನೆಯ ರಜೆಯಲ್ಲಿ ಒಬ್ಬರಿಗೊಬ್ಬರು ಉಡುಗೊರೆ ಕೊಡುವ ಹುಚ್ಚನ್ನು ಸೊಸೆ ಹತ್ತಿಸಿದ ಮೇಲಂತೂ ಕೇಳಲೇಬೇಡಿ. ಒಂದು ವರ್ಷ ಬಿದಿರಿನ ಕಡ್ಡಿಗಳು, ಅದರ ಮುಂದಿನ ವರ್ಷ ಹಳದಿ ಉಲ್ಲನ್, ಆಮೇಲೆ ಕಂದು, ಆಮೇಲೆ ಹಸಿರು. ಮಗ ಒಮ್ಮೆ ಉಲ್ಲನ್ ಉಂಡೆಯ ಚಿತ್ರವಿದ್ದ ಚಹಾ ಕಪ್ಪು ತಂದ. ಪುಣ್ಯಕ್ಕೆ ಅದರಲ್ಲಿ ಪೆನ್ನಾದರೂ ನಿಲ್ಲುತ್ತದೆ. ಉಳಿದದ್ದನ್ನೆಲ್ಲ ಬೀರುವಿನ ಕೆಳಗಿನ ಡ್ರಾಯರಿಗೆ ತುರುಕಿ ಮೊಣಕಾಲಿನಿಂದ ಒತ್ತಿ ಮುಚ್ಚುತ್ತಿದ್ದೆ.

ನನ್ನ ಕೆಲಸ ಹೆಣೆಯುವುದಾಗಿರಲಿಲ್ಲ, ಹೆಣೆದದ್ದರಲ್ಲಿ ತಪ್ಪು ಹುಡುಕುವುದಾಗಿತ್ತು. ಯಂತ್ರದಿಂದ ಇಳಿದ ಮಾಲು ಕಟ್ಟಕಡೆಗೆ ನನ್ನ ಮೇಜಿಗೆ, ಟ್ಯೂಬ್‌ಲೈಟಿನ ಕೆಳಗೆ ಬರುತ್ತಿತ್ತು. ತಪ್ಪಿದ್ದ ಕಡೆಯೆಲ್ಲ ಉಗುರಿನಷ್ಟು ದೊಡ್ಡ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುತ್ತಿದ್ದೆ, ಮೊನೆ ತಪ್ಪಿನ ಕಡೆಗೆ. ಮೂರು ಬಾಣ ದಾಟಿದರೆ ರಿಜೆಕ್ಟ್. ರಿಜೆಕ್ಟ್ ಆದದ್ದನ್ನು ಯಾರೂ ಮತ್ತೆ ಒಳ್ಳೆಯ ಮಾಲಿನೊಳಗೆ ತೂರಿಸಬಾರದೆಂದು ಕೊನೆಯ ಎಳೆ ಕತ್ತರಿಸಿ ಬಿಚ್ಚಿಬಿಡುವುದು ಅಲ್ಲಿನ ನಿಯಮ. ಹುಡುಗಿಯರು ಬೆನ್ನ ಹಿಂದೆ ನನ್ನನ್ನು ಬಾಣದಮ್ಮ ಎನ್ನುತ್ತಿದ್ದರು. ಗೊತ್ತಿತ್ತು, ಒಳಗೊಳಗೇ ಖುಷಿಯೂ ಆಗುತ್ತಿತ್ತು. ನಿವೃತ್ತಿಯ ದಿನ ಎರಡು ಸುರುಳಿ ಸ್ಟಿಕ್ಕರನ್ನು ಕೈಚೀಲಕ್ಕೆ ಹಾಕಿಕೊಂಡು ಬಂದೆ. ಕದ್ದೆ ಅಂತಲೇ ಇಟ್ಟುಕೊಳ್ಳಿ.

ನಮ್ಮನೆಯವರು ಗಡಿಯಾರ ರಿಪೇರಿ ಮಾಡುವವರು. ಬೀದಿಯ ತಿರುವಿನಲ್ಲಿ, ಔಷಧಿ ಅಂಗಡಿಗೂ ಬೀಗದ ಅಂಗಡಿಗೂ ನಡುವೆ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಂಗಡಿ. ಎಡಗೈಯಲ್ಲಿ ಚಿಮಟ, ಬಲಗೈಯಲ್ಲಿ ಸ್ಕ್ರೂಡ್ರೈವರ್, ಒಂದು ಕಣ್ಣಿಗೆ ಭೂತಗನ್ನಡಿ; ಹೀಗೆ ನಲವತ್ತು ವರ್ಷ ಕೂತಿದ್ದರು. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವರು ನಿಂತಲ್ಲೇ ಕುಸಿದರು. ಮಾತು ವಾರದಲ್ಲಿ ಮರಳಿ ಬಂತು, ಕಾಲು ಎರಡು ತಿಂಗಳಲ್ಲಿ. ಎಡಗೈ ಬರಲಿಲ್ಲ. ಸೊಸೆ ವಾರಕ್ಕೆ ಮೂರು ದಿನ ಅವರನ್ನು ವ್ಯಾಯಾಮದ ಕ್ಲಿನಿಕ್ಕಿಗೆ ಕರೆದೊಯ್ಯುತ್ತಿದ್ದಳು. ಅಂಗಿಯ ಗುಂಡಿ ಹಾಕುವುದು ಮಾತ್ರ ನನ್ನ ಪಾಲಿಗೆ ಬಂತು, ದಿನಾ ಬೆಳಿಗ್ಗೆ ಐದು ಗುಂಡಿ. ನಾನೇನು ಬಾಯಿ ಮುಚ್ಚಿಕೊಂಡು ಹಾಕುವವಳಲ್ಲ. "ಈ ಕೈಗೆ ಎಷ್ಟು ಎಣ್ಣೆ ತಿಕ್ಕಿದರೂ ಅಷ್ಟೇ, ದಂಡ" ಎನ್ನುತ್ತಲೇ ಹಾಕುತ್ತಿದ್ದೆ.

ಅಂಗಡಿಯನ್ನು ಪಕ್ಕದ ಬೀಗದವನು ಕೇಳಿದ್ದ. ಕೊಟ್ಟುಬಿಡೋಣ ಎಂದು ಮಗ ಹೇಳುತ್ತಿದ್ದ. "ರಜೆ ಕಳೀಲಿ, ಹೇಳ್ತೀನಿ" ಎಂದಿದ್ದರು ಇವರು. ರಜೆಯ ಮರುದಿನ ಬೀಗದವನು ಉತ್ತರ ಕೇಳಲು ಬರುವವನಿದ್ದ. ಕೈ ಬಂದರೆ ಅಂಗಡಿ, ಇಲ್ಲದಿದ್ದರೆ ಇಲ್ಲ, ಅಷ್ಟೇ ಲೆಕ್ಕ.

ಈ ಸಲದ ಉಡುಗೊರೆಗೆ ಸೊಸೆ ಹೊಸ ಷರತ್ತು ಹಾಕಿದ್ದಳು. ಕೈಯಾರೆ ಮಾಡಿದ್ದೇ ಆಗಬೇಕು, ಹೆಸರು ಬರೆಯಬಾರದು, ಯಾರು ಮಾಡಿದ್ದೆಂದು ಪಡೆದವರು ಹೇಳಬೇಕು. ಮಧ್ಯಾಹ್ನ ಊಟವಾದ ಮೇಲೆ ಮೇಜು ಒರೆಸಿ ನಾಲ್ವರೂ ಕೂತೆವು. ನನಗೆ ಬಂದ ಪೊಟ್ಟಣದಲ್ಲಿ ಒಂದು ಮಫ್ಲರ್. ನನ್ನಷ್ಟೇ ಉದ್ದ, ಹಳದಿ, ಕಂದು, ಹಸಿರು ಪಟ್ಟೆ.

"ಯಾರು ಮಾಡಿದ್ದು, ಹೇಳಿ ನೋಡೋಣ" ಎಂದ ಮಗ.

"ಹೇಳೋದೇನು ಬಂತು? ಬ್ಯಾಗಲ್ಲಿ ಕಡ್ಡಿ ಇಟ್ಕೊಂಡು ಓಡಾಡೋರು ಈ ಮನೇಲಿ ಒಬ್ಬರೇ, ನಿನ್ನ ಹೆಂಡ್ತಿ. ನನಗೇನು ಕಣ್ಣಿಲ್ವಾ?"

ಸೊಸೆ ಏನೋ ಹೇಳಲು ಬಾಯಿ ತೆರೆದು, ಮಾವನ ಮುಖ ನೋಡಿ ಸುಮ್ಮನಾದಳು. ಇವರು ಕುರ್ಚಿಯಲ್ಲಿ ಮುಂದೆ ಬಾಗಿದರು. "ಚೆಕ್ ಮಾಡು. ಕಾರ್ಖಾನೇಲಿ ಮಾಡ್ತಿದ್ಯಲ್ಲ, ಹಾಗೇ ಮಾಡು. ಮುಲಾಜು ಬೇಡ."

ನನಗೆ ಮುಲಾಜು ಬೇಡ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೊಸೆಯ ಮೇಲೆ ಒಂದು ಕಣ್ಣು ಮೊದಲಿನಿಂದಲೂ ಇತ್ತು. ಎಲ್ಲದರಲ್ಲೂ ಅವಳದೇ ಷರತ್ತು, ಅವಳದೇ ಆಟ. ಕೈಚೀಲದಿಂದ ಸ್ಟಿಕ್ಕರ್ ಸುರುಳಿ ತಂದೆ, ಲೈಟು ಹಾಕಿದೆ, ಮಫ್ಲರನ್ನು ಮೇಜಿನುದ್ದಕ್ಕೂ ಹಾಸಿದೆ. ಎಂಟು ತಿಂಗಳಲ್ಲಿ ಮೊದಲ ಸಲ ನನಗೆ ಮೈತುಂಬ ಉತ್ಸಾಹ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಮೊದಲ ಗೇಣಿಗೇ ಹದಿನಾಲ್ಕು ಬಾಣ ಬಿದ್ದವು. ಕುಣಿಕೆಗಳು ಅಲ್ಲಲ್ಲಿ ಬಿಟ್ಟುಹೋಗಿ ತೂತು ಬಿದ್ದಿದ್ದವು. ಅಂಚು ಒಂದು ಕಡೆ ಬಿಗಿ, ಒಂದು ಕಡೆ ಜೋಲು.

"ಇದು ಹೆಣಿಗೆ ಅಲ್ಲಮ್ಮ, ಬಲೆ. ಮೀನು ಹಿಡೀಬಹುದು" ಎಂದೆ. ಮಗ ನಕ್ಕ. ಅವನು ನಕ್ಕದ್ದೇ ತಡ, ನನಗೆ ಇನ್ನೂ ಹುರುಪೇರಿತು. "ಈ ಕೈ ಇದೆಯಲ್ಲ, ಇದು ಯಾವ ಕೆಲಸಕ್ಕೂ ಬರೋ ಕೈ ಅಲ್ಲ. ಇದನ್ನ ಕಟ್ಟಿ ಮೂಲೇಲಿ ಕೂರಿಸಬೇಕು."

"ಅತ್ತೆ" ಎಂದಳು ಸೊಸೆ.

"ಇರು, ಮುಗಿದಿಲ್ಲ."

ನಡುಭಾಗಕ್ಕೆ ಬರುವಷ್ಟರಲ್ಲಿ ಬಾಣಗಳು ವಿರಳವಾದವು. ಕೊನೆಯ ಎರಡು ಅಡಿಯಲ್ಲಿ ಒಂದೂ ಇಲ್ಲ. ತಿರುಗಿಸಿ ನೋಡಿದೆ, ಬೆರಳು ಆಡಿಸಿದೆ. ಸಾಲಿಗೆ ಸಾಲು ಸಮ, ಎಳೆ ಎಲ್ಲೂ ಸಡಿಲವಿಲ್ಲ. ಕಾರ್ಖಾನೆಯಲ್ಲಾಗಿದ್ದರೆ ಕಣ್ಣು ಮುಚ್ಚಿ ಪಾಸ್ ಮಾಡುತ್ತಿದ್ದೆ. ಅಲ್ಲಿಯೇ ನನ್ನ ಮೂವತ್ತೊಂದು ವರ್ಷದ ಅನುಭವ ತಲೆಗೇರಿ ಕೂತಿತು.

"ಇದು ಇಬ್ಬರ ಕೆಲಸ" ಎಂದೆ. "ಶುರು ಮಾಡಿದ ಕೈ ಬೇರೆ, ಮುಗಿಸಿದ ಕೈ ಬೇರೆ. ಅರ್ಧ ನೀನು ಕೆಡಿಸಿ, ಉಳಿದರ್ಧ ಯಾರ ಹತ್ರಾನೋ ಮಾಡಿಸಿದೀಯ. ಕೈಯಾರೆ ಅನ್ನೋ ಷರತ್ತು ಹಾಕಿದೋಳು ನೀನೇ ಅಲ್ವಾ? ಸುಳ್ಳು ಹೇಳೋ ಮಾಲನ್ನ ನಾವು ಅಗ್ಗಕ್ಕೆ ಮಾರೋ ಸೆಕೆಂಡ್ಸಿಗೂ ಹಾಕ್ತಿರಲಿಲ್ಲ."

ಕತ್ತರಿ ಪಕ್ಕದಲ್ಲೇ ಇತ್ತು. "ಅತ್ತೆ, ದಯವಿಟ್ಟು ಬೇಡ" ಎಂದು ಸೊಸೆ ಎದ್ದಳು. ಅವಳು ಬೇಡ ಎಂದದ್ದಕ್ಕೇ ಕತ್ತರಿಸಿದೆ. ಹೆಣಿಗೆ ಬಿಚ್ಚುವುದು ಯಾವಾಗಲೂ ಮುಗಿಸಿದ ತುದಿಯಿಂದ, ಆದ್ದರಿಂದ ಮೊದಲು ಹೋದದ್ದು ಒಳ್ಳೆಯ ಭಾಗ. ಎಳೆದೆ. ಸಾಲುಗಳು ಸರಸರನೆ ಕಳಚಿಕೊಂಡು ಬಂದವು. ಒಂದು ಗೇಣು, ಒಂದು ಮೊಳ. ಹಸಿರು ಮುಗಿದು ಕಂದು ಶುರುವಾಯಿತು, ಮೇಜಿನ ಮೇಲೆ ಗುಂಗುರು ದಾರದ ರಾಶಿ ಬಿತ್ತು.

ಆಗ ಮೇಜಿನ ಆಚೆಯಿಂದ ಒಂದು ಕೈ ಬಂದು ದಾರವನ್ನು ಹಿಡಿಯಿತು. ಹೆಬ್ಬೆರಳು, ತೋರುಬೆರಳು, ನಡುವೆ ಎಳೆ. ಚಿಮಟದಲ್ಲಿ ಗಡಿಯಾರದ ಸಣ್ಣ ಮುಳ್ಳನ್ನು ಹಿಡಿಯುವ ಹಾಗೆ. ಎಂಟು ತಿಂಗಳಿಂದ ನಾನು ಎತ್ತಿ ಅಂಗಿಯ ತೋಳಿಗೆ ತೂರಿಸುತ್ತಿದ್ದ ಎಡಗೈ ಅದು.

ಸೊಸೆಯೇ ಹೇಳಿದಳು, ನನ್ನ ಮುಖ ನೋಡದೆ. "ಕ್ಲಿನಿಕ್ಕಲ್ಲಿ ಕೈಗೆ ವ್ಯಾಯಾಮ ಅಂತ ಹೇಳಿಕೊಟ್ಟರು. ಕಡ್ಡಿ, ಉಲ್ಲನ್ ಎಲ್ಲ ನಿಮ್ಮ ಡ್ರಾಯರಿಂದಲೇ ತಗೊಂಡ್ವಿ. ಮೊದಲ ಸಾಲಿಗೆ ಒಂಬತ್ತು ದಿನ ಹಿಡೀತು. ನಾನು ಒಂದು ಕುಣಿಕೇನೂ ಮುಟ್ಟಿಲ್ಲ. ಹೆಸರು ಹೇಳಬೇಡ, ಅವಳ ಕಣ್ಣಿಗೆ ಪಾಸಾದರೆ ಅಂಗಡಿ ಬಾಗಿಲು ತೆಗೀತೀನಿ ಅಂದಿದ್ರು ಮಾವ."

ಪ್ರತಿ ವರ್ಷ ಬಂದ ಉಲ್ಲನ್ ಅದು, ನನ್ನದೇ ಡ್ರಾಯರಿನದು. ಊರಿಗೆಲ್ಲ ಕಾಣದ ತಪ್ಪು ಕಾಣುವ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

"ರೀ, ನನಗೆ ಗೊತ್ತಿರಲಿಲ್ಲ" ಎಂದೆ.

"ಗೊತ್ತಿದ್ರೆ ಪಾಸ್ ಮಾಡ್ತಿದ್ದೆ" ಎಂದರು ಅವರು. "ಅದಕ್ಕೇ ಹೇಳಿರಲಿಲ್ಲ."

"ಕೊನೆಯ ಎರಡಡಿ ಚೆನ್ನಾಗಿತ್ತು ರೀ. ಆಣೆ ಮಾಡಿ ಹೇಳ್ತೀನಿ, ಒಂದು ಬಾಣ ಇರಲಿಲ್ಲ."

"ಅದೀಗ ಇಲ್ಲವಲ್ಲ."

ದಾರ ಬಿಟ್ಟರು. ಕೈಯನ್ನು ಹಿಂದಕ್ಕೆ ಎಳೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ಮಫ್ಲರಿನಲ್ಲಿ ಉಳಿದದ್ದು ನಲವತ್ತಮೂರು ಬಾಣಗಳ ಭಾಗ ಮಾತ್ರ.

ಮರುದಿನ ಬೆಳಿಗ್ಗೆ ಅಂಗಿ ಹೆಗಲಿಗೇರಿಸಿಕೊಂಡು ಮಂಚದ ತುದಿಯಲ್ಲಿ ಕೂತಿದ್ದರು, ಗುಂಡಿ ಹಾಕದೆ. ಎಡಗೈಯ ಹಿಂಬದಿಗೆ ಒಂದು ಕೆಂಪು ಬಾಣ ಅಂಟಿಸಿಕೊಂಡಿದ್ದರು, ಮೊನೆ ಬೆರಳುಗಳ ಕಡೆಗೆ.

"ಏನ್ರೀ ಇದು? ಗುಂಡಿ ನಿಮಗೇ ಹಾಕ್ಕೊಳ್ಳೋಕೆ ಬರುತ್ತಲ್ಲ."

"ಬರಲ್ಲ. ಹಾಕು, ಹೊತ್ತಾಯ್ತು."

ಬಾಣ ಕೀಳಲು ಹೋದೆ. ಕೈ ಸರಕ್ಕನೆ ಹಿಂದೆ ಸರಿಯಿತು. ನಾನು ನನ್ನ ಕೈ ತೆಗೆದ ಮೇಲೆ ಮತ್ತೆ ತೊಡೆಗೆ ಬಂದು ಸತ್ತ ಹಾಗೆ ಬಿದ್ದುಕೊಂಡಿತು. ನಾನು ಐದು ಗುಂಡಿ ಹಾಕಿದೆ.

ಹತ್ತು ಗಂಟೆಗೆ ಬೀಗದವನು ಬಂದ. "ಕೈ ಬರಲಿಲ್ಲಪ್ಪ" ಎಂದು ಬಲಗೈಯಿಂದ ಕೀಲಿಕೈ ಗೊಂಚಲನ್ನು ಅವನ ಮುಂದೆ ತಳ್ಳಿದರು. ಮಗ ನನ್ನ ಕಡೆ ನೋಡಿದ. ಸುಳ್ಳು, ಬಂದಿದೆ, ನಾವೆಲ್ಲ ಕಣ್ಣಾರೆ ನೋಡಿದ್ದೇವೆ ಎಂದು ನಾನು ಹೇಳಬಹುದಿತ್ತು. ಅವರಿವರ ತಪ್ಪು ಹೇಳಲು ಒಂದು ದಿನವೂ ಹಿಂದೆಮುಂದೆ ನೋಡದ ಬಾಯಿ ಆವತ್ತು ತೆರೆಯಲಿಲ್ಲ. ಬೀಗದವನಿಗೆ ಚಹಾ ತಂದುಕೊಟ್ಟೆ.

ವರ್ಷವಾಯಿತು. ಮೊನ್ನೆ ಮತ್ತೆ ರಜೆ ಬಂತು, ಸೊಸೆ ನನ್ನ ಮುಂದೆ ಒಂದು ಪೊಟ್ಟಣ ಇಟ್ಟಳು. ಬಿಚ್ಚಿದರೆ ಬಿದಿರಿನ ಕಡ್ಡಿ ಒಂದು ಜೊತೆ, ಎರಡು ಉಂಡೆ. ಕಂದು ಮತ್ತು ಹಸಿರು, ತೊಳೆದು ಸುತ್ತಿದ್ದು. ಬಿಚ್ಚಿದ ದಾರದ ಗುಂಗುರು ಇನ್ನೂ ಹೋಗಿರಲಿಲ್ಲ. "ನಿಮಗೇ ಅತ್ತೆ" ಎಂದಳು, ಅಷ್ಟೇ.

ಈ ಸಲ ಡ್ರಾಯರಿಗೆ ತುರುಕಲಿಲ್ಲ. ದಿನಾ ಮಧ್ಯಾಹ್ನ ಕಿಟಕಿಯ ಬಳಿ ಕೂತು ಹೆಣೆಯುತ್ತೇನೆ. ಹನ್ನೆರಡು ಸಾಲಾಗಿದೆ, ಹನ್ನೆರಡರಲ್ಲೂ ತೂತು. ಎದುರಿನ ಕುರ್ಚಿಯಲ್ಲಿ ನಮ್ಮನೆಯವರು ಕೂತಿರುತ್ತಾರೆ. ನಾನೊಂದು ಕುಣಿಕೆ ಬಿಟ್ಟೊಡನೆ ಅವರ ತೊಡೆಯ ಮೇಲಿನ ಎಡಗೈಯ ಎರಡು ಬೆರಳು ತಾವಾಗಿಯೇ ಕೂಡಿ, ಇಲ್ಲದ ಎಳೆಯೊಂದನ್ನು ಎತ್ತಿ ಸರಿಮಾಡುತ್ತವೆ. ನಾನು ತಲೆ ಎತ್ತಿದರೆ ನಿಲ್ಲಿಸುತ್ತಾರೆ.

"ಎಲ್ಲಿ ತಪ್ಪಿದೆ, ಹೇಳ್ರೀ" ಎಂದು ಕೇಳುತ್ತೇನೆ.

"ಚೆನ್ನಾಗಿದೆ" ಎನ್ನುತ್ತಾರೆ.