ಡ್ರಮ್ಮುಗಳನ್ನು ಒಳಗಿಟ್ಟ ದಿನ

ಬಸ್ಸಿನಿಂದ ಇಳಿಯುತ್ತಲೇ ಅವಳ ಕಣ್ಣಿಗೆ ಬಿದ್ದದ್ದು ಡ್ರಮ್ಮುಗಳು. ನೀಲಿ ಡ್ರಮ್ಮು, ಅಂಚು ಒಡೆದ ಡ್ರಮ್ಮು, ಹಳೇ ಬಣ್ಣದ ಡಬ್ಬಿ, ಮಗುವಿನ ಸ್ನಾನದ ಟಬ್ಬು, ಎಲ್ಲವೂ ಮನೆಗಳ ಮುಂದೆ ಬಾಯಿ ತೆರೆದುಕೊಂಡು ಟ್ಯಾಂಕರಿಗೆ ಕಾದು ಕೂತಿದ್ದವು. ಕಳೆದ ಸಲ ಬಂದಾಗ ಇದೇ ಬೀದಿಯಲ್ಲಿ ಒಂದು ಚೊಂಬೂ ಕಂಡಿರಲಿಲ್ಲ. ಆಗ ಅವಳು ಪ್ರಾಂತ್ಯ ಸರ್ಕಾರದ ಕಾರಿನಲ್ಲಿ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು ಬಂದಿದ್ದಳು. ಈ ಸಲ ಭಾನುವಾರ, ರಜೆಯ ದಿನ. ಯಾರೂ ಗುರುತು ಹಿಡಿಯದಿದ್ದರೆ ಸಾಕೆಂದು ತಲೆ ತಗ್ಗಿಸಿಕೊಂಡು ಬಿರಬಿರನೆ ನಡೆದಳು.

ಗುರುತು ಹಿಡಿಯದೆ ಬಿಡುತ್ತಾರೆಯೇ? ಅಷ್ಟು ಚಿಕ್ಕ ಊರಿನಲ್ಲಿ ಬೆಕ್ಕು ಮರಿ ಹಾಕಿದರೂ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿರುತ್ತದೆ. ಮೂಲೆಯಲ್ಲಿ ಟ್ಯಾಂಕರಿನ ಪೈಪು ಹಿಡಿದು ನಿಂತಿದ್ದ ಪುರಸಭೆಯ ಗುಮಾಸ್ತ ಅವಳನ್ನು ಕಂಡು ಪೈಪನ್ನು ಪಕ್ಕದವನ ಕೈಗೆ ಕೊಟ್ಟು ಓಡಿ ಬಂದ. ಊರಿನವರು ಅವನಿಗೆ ಇಟ್ಟ ಹೆಸರು ನಾಲ್ಕುಕೈ. ಪುರಸಭೆಯಲ್ಲಿ ಪತ್ರ ಬರೆಯುವವನು, ಫೋನ್ ಎತ್ತುವವನು, ಕಸದ ಗಾಡಿ ಓಡಿಸುವವನು, ಪಂಪು ಹಾಕುವವನು ಎಲ್ಲವೂ ಅವನೊಬ್ಬನೇ. ಉಳಿದವರು ಸಂಬಳ ಸರಿಯಾಗಿ ಬಾರದೆ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ್ದರು.

"ಮೇಡಂ, ನೀವು ನಮ್ಮೂರಿನ ಬಗ್ಗೆ ಬರೆದಿದ್ದನ್ನ ಕಟ್ಟು ಹಾಕ್ಸಿ ಗೋಡೆಗೆ ಹಾಕಿದೀವಿ. ಒಬ್ರು ನಮ್ಮ ಬಗ್ಗೆ ಒಳ್ಳೇದು ಬರೆದಿದ್ದು ಅದೇ ಮೊದ್ಲು ನೋಡಿ" ಎಂದ.

ಅವನು ಚುಚ್ಚಿ ಮಾತಾಡಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಅವನು ಮನಸಾರೆ ಹೇಳಿದ್ದ. ಅವಳು ಏನೋ ಗೊಣಗಿ ಮುಂದೆ ಹೋದಳು.

ಪ್ರಾಂತ್ಯ ಸರ್ಕಾರದಲ್ಲಿ ಅವಳದ್ದು ನೆರವಿನ ವಿಭಾಗ. ಹೇಳಿಕೊಳ್ಳಲು ಚೆನ್ನಾಗಿರುವ ಕೆಲಸ. ಜನ ಕಡಿಮೆಯಾಗಿ, ತೆರಿಗೆ ಬತ್ತಿ, ಎಂಜಿನಿಯರ್ ಹಾಗಿರಲಿ, ಬೀದಿದೀಪ ಬದಲಿಸುವವನೂ ಇಲ್ಲದೆ ಏದುಸಿರು ಬಿಡುತ್ತಿರುವ ಪುಟ್ಟ ಪುರಸಭೆಗಳನ್ನು ಹುಡುಕಿ ಹೆಗಲು ಕೊಡಬೇಕು. ಹೆಗಲು ಎಂದರೆ ಹೊಸ ಪಂಪು, ಪ್ರಾಂತ್ಯದ ಸಂಬಳದಲ್ಲೇ ಬಂದು ಕೂರುವ ಒಬ್ಬ ಎಂಜಿನಿಯರ್, ಸುತ್ತಲಿನ ಊರುಗಳಿಗೆಲ್ಲ ಸೇರಿ ಒಬ್ಬ ಲೆಕ್ಕಿಗ. ಊರಿನ ಆಡಳಿತ ಊರಿನವರ ಕೈಯಲ್ಲೇ ಇರುತ್ತದೆ, ಕಾಲಿಗೆ ಬಲ ಬರುವ ತನಕ ಪ್ರಾಂತ್ಯ ಕೈ ಹಿಡಿದುಕೊಂಡಿರುತ್ತದೆ. ಆದರೆ ಅದಕ್ಕೆ ಒಬ್ಬ ಅಧಿಕಾರಿ ಹೋಗಿ, ಕಣ್ಣಾರೆ ನೋಡಿ, ದುರ್ಬಲ ಎಂದು ಬರೆಯಬೇಕು. ಪರವಾಗಿಲ್ಲ ಎಂದು ಬರೆದರೆ ಅಲ್ಲಿಗೆ ಮುಗಿಯಿತು. ಈ ಏರ್ಪಾಟು ಮಾಡಿದ ಬುದ್ಧಿವಂತರಿಗೆ ಒಂದು ಸಣ್ಣ ಸಂಗತಿ ಹೊಳೆಯಲಿಲ್ಲ. ಮನೆಯಲ್ಲಿ ಎಷ್ಟೇ ತಾಪತ್ರಯವಿದ್ದರೂ ಬಂದವರ ಮುಂದೆ ಜನ ಇಡುವುದು ಒಳ್ಳೆಯ ಲೋಟವನ್ನೇ. ಬಂದವರು ಆ ಲೋಟ ನೋಡಿ ಬರೆದುಕೊಂಡು ಹೋಗುತ್ತಾರೆ.

ಪರಿಶೀಲನೆಗೆ ಈ ಊರು ಅವಳ ಪಾಲಿಗೆ ಬಂದಾಗಲೇ ಅವಳು ನಿರ್ದೇಶಕರ ಕೋಣೆಗೆ ಹೋಗಿ ಒಂದು ಮಾತು ಹೇಳಬೇಕಿತ್ತು: ಅಲ್ಲಿನ ಅಧ್ಯಕ್ಷೆ ನನ್ನ ಚಿಕ್ಕಮ್ಮ, ಬೇರೆಯವರನ್ನು ಕಳಿಸಿ. ಹೋದಳು ಕೂಡ. ಆದರೆ ಆ ದಿನಗಳಲ್ಲಿ ಕಚೇರಿಯ ಗಾಳಿ ಸರಿಯಿರಲಿಲ್ಲ. ಅವಳ ಸಹೋದ್ಯೋಗಿಯೊಬ್ಬ ತನ್ನ ಮಾವನ ಊರಿಗೆ ದುರ್ಬಲ ಎಂದು ಬರೆದು ನೆರವು ಕೊಡಿಸಿ, ಅದು ಬಯಲಾಗಿ, ಮೂಲೆಯ ದಾಖಲೆ ಕೋಣೆಗೆ ಎತ್ತಂಗಡಿಯಾಗಿದ್ದ. ಊಟದ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಅವನದ್ದೇ ಮಾತು. ಅವಳಿಗೋ ಬಡ್ತಿ ಬಾಗಿಲಿಗೆ ಬಂದು ನಿಂತಿತ್ತು. ನಿರ್ದೇಶಕರು ತಲೆಯೆತ್ತಿ ಏನು ಎಂದು ಕೇಳಿದಾಗ, ಕಾರು ಎಷ್ಟು ಹೊತ್ತಿಗೆ ಹೊರಡುತ್ತದೆಂದು ವಿಚಾರಿಸಿ ಹೊರಗೆ ಬಂದಳು.

ಚಿಕ್ಕಮ್ಮ ಎಂದರೆ ಬರೀ ಹೆಸರಿಗೆ ಚಿಕ್ಕಮ್ಮನಲ್ಲ. ಅಮ್ಮ ಹಾಸಿಗೆ ಹಿಡಿದ ವರ್ಷಗಳಲ್ಲಿ ಅವಳನ್ನು ಮನೆಗೆ ಕರೆದೊಯ್ದು, ಹೊಟ್ಟೆಗೆ ಹಾಕಿ, ಶಾಲೆಗೆ ಕಳಿಸಿದವಳು. ಬಟ್ಟೆ ಹೊಲಿಯುವುದು ಚಿಕ್ಕಮ್ಮನ ಕಸುಬು. ಊರಿನ ಅರ್ಧ ಜನರ ಸೊಂಟದ ಅಳತೆ ಅವಳ ನಾಲಿಗೆಯ ತುದಿಯಲ್ಲಿತ್ತು, ಅದಕ್ಕೇ ಜನ ಅವಳಿಗೆ ಹೆದರಿ ಮತ ಹಾಕುತ್ತಾರೆಂದು ನಾಲ್ಕುಕೈ ತಮಾಷೆ ಮಾಡುತ್ತಿದ್ದ. ಒಂದೇ ಒಂದು ಕೆಲಸ ಮಾತ್ರ ಅವಳಿಂದ ಆಗುತ್ತಿರಲಿಲ್ಲ. ಬಾಯಿ ಬಿಟ್ಟು ಯಾರನ್ನೂ ಏನನ್ನೂ ಕೇಳುವುದು. ಪಕ್ಕದ ಮನೆಯಿಂದ ಸೂಜಿ ಬೇಕಾದರೂ, ನಿಮ್ಮನೇಲಿ ಸೂಜಿ ಹೆಚ್ಚಾಗಿದ್ಯಾ ಎಂದು ಸುತ್ತಿ ಬಳಸಿ ಕೇಳುವ ಜಾತಿ.

ಪರಿಶೀಲನೆಯ ದಿನ ಊರು ಮದುಮಗಳಂತೆ ಸಿಂಗರಿಸಿಕೊಂಡಿತ್ತು. ಪುರಸಭೆಯ ಗೋಡೆಗೆ ಹೊಸ ಸುಣ್ಣ, ಚರಂಡಿಗಳಲ್ಲಿ ಕಸದ ಸುಳಿವಿಲ್ಲ. ಬರುತ್ತಿರುವವಳು ನಮ್ಮೂರಲ್ಲೇ ಬೆಳೆದ ಹುಡುಗಿ, ಜೊತೆಯಲ್ಲಿ ಬರುವವರೆದುರು ಅವಳ ಮುಖ ಕೆಳಗಾಗಬಾರದು ಎಂದು ಸದಸ್ಯರೆಲ್ಲ ಸೇರಿ ತೀರ್ಮಾನಿಸಿದ್ದರಂತೆ. ಮನೆಮನೆಗೂ ಹೇಳಿ ಡ್ರಮ್ಮುಗಳನ್ನು ಒಳಗಿಡಿಸಿದ್ದರು. ಕೆಲವರ ಮಂಚದ ಕೆಳಗೆ, ಕೆಲವರ ಬಚ್ಚಲಲ್ಲಿ, ಒಬ್ಬರ ಮನೆಯಲ್ಲಂತೂ ಡ್ರಮ್ಮಿನ ಮೇಲೆ ಕಸೂತಿ ಬಟ್ಟೆ ಹೊದಿಸಿ ಅದರ ಮೇಲೆ ಹೂದಾನಿ ಇಟ್ಟಿದ್ದರು. ವಾರದಲ್ಲಿ ಎರಡು ಸಲ ಉಸಿರು ಹಿಡಿದು ಓಡುತ್ತಿದ್ದ ಮುದಿ ಪಂಪನ್ನು ನಾಲ್ಕುಕೈ ಅಂದು ಬೆಳಗಿನಿಂದ ಸಂಜೆಯ ತನಕ ಓಡಿಸಿದ್ದ. ಬೀದಿಯ ನಲ್ಲಿ ತಿರುಗಿಸಿದರೆ ಭರ್ರೆಂದು ನೀರು. ಜೊತೆಯಲ್ಲಿ ಬಂದಿದ್ದ ಸಹಾಯಕ ಕೈ ಒಡ್ಡಿ, ಒತ್ತಡ ಚೆನ್ನಾಗಿದೆ ಎಂದ. ಅವಳೂ ಹೌದು ಎಂದಳು.

ಆಮೇಲೆ ಚಿಕ್ಕಮ್ಮ ಇಬ್ಬರನ್ನೂ ಮನೆಗೆ ಟೀಗೆ ಕರೆದಳು. ಸಹಾಯಕ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಪಕ್ಕ ಕೂತ. ಅವಳು ಹಳೆಯ ಸಲುಗೆಯಲ್ಲಿ ಅಡುಗೆಮನೆಗೆ ಹೋದಳು. ಅಲ್ಲಿ ಕಂಡದ್ದನ್ನು ಅವಳು ಅಂದಿನಿಂದ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಕಚೇರಿಗೆ ಮರಳಿ ಅವಳು ಪರವಾಗಿಲ್ಲ ಎಂದಷ್ಟೇ ಬರೆದು ಸುಮ್ಮನಾಗಲಿಲ್ಲ. ಇತರ ಪುರಸಭೆಗಳಿಗೆ ಮಾದರಿ ಎಂದೂ ಸೇರಿಸಿದಳು. ಚಿಕ್ಕಮ್ಮನ ಮರ್ಯಾದೆ ಉಳಿಸಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಒಂದಷ್ಟು ದಿನ ಅದನ್ನು ನಂಬಿದಳು ಕೂಡ.

ದಿನವಿಡೀ ಓಡಿ ಮೈ ಕಾಯಿಸಿಕೊಂಡಿದ್ದ ಪಂಪು ಆ ತಿಂಗಳು ಮುಗಿಯುವ ಮೊದಲೇ ಸುಟ್ಟುಹೋಯಿತು. ಹೊಸದು ತರುವ ಶಕ್ತಿ ಪುರಸಭೆಗಿರಲಿಲ್ಲ. ನೆರವು ಕೇಳಿ ಬರೆದರೆ, ನಿಮ್ಮದು ಮಾದರಿ ಊರಲ್ಲವೇ ಎಂದು ಪ್ರಾಂತ್ಯದಿಂದ ಉತ್ತರ ಬಂತು. ಉಳಿದದ್ದು ಒಂದೇ ದಾರಿ, ಪಕ್ಕದ ದೊಡ್ಡ ನಗರದಲ್ಲಿ ವಿಲೀನವಾಗುವುದು. ಆ ನಗರಕ್ಕೂ ಇವರು ಬೇಕಾಗಿರಲಿಲ್ಲ, ಅಲ್ಲಿ ಇವರದ್ದು ಕೊನೆಯ ಮೂಲೆಯ ವಾರ್ಡಾಗುತ್ತದೆ. ನಾಲ್ಕುಕೈಗೆ ಕೆಲಸವಿರುವುದಿಲ್ಲ. ಯಾವ ಬೀದಿಗೆ ನೀರು ಎಂದು ತೀರ್ಮಾನಿಸುವವರು ಈ ಬೀದಿಗಳನ್ನು ನೋಡಿಯೇ ಇರುವುದಿಲ್ಲ. ನಾಳೆ ಬೆಳಿಗ್ಗೆ ಪುರಸಭೆ ಸೇರಿ, ತನ್ನನ್ನು ತಾನೇ ಮುಚ್ಚಿಕೊಳ್ಳಲು ಕೈ ಎತ್ತಬೇಕಿತ್ತು. ಒಮ್ಮೆ ಕೈ ಎತ್ತಿದರೆ ಹಿಂದಕ್ಕೆ ಬರುವಂತಿಲ್ಲ.

ಆ ಸುದ್ದಿ ಕಿವಿಗೆ ಬಿದ್ದಾಗಿನಿಂದ ಮನೆಯ ನಲ್ಲಿ ತಿರುಗಿಸಿದಾಗಲೆಲ್ಲ ಅವಳಿಗೆ ಈ ಊರೇ ನೆನಪಾಗುತ್ತಿತ್ತು. ಕೊನೆಗೆ ತಲೆ ಓಡಿಸಿ ಒಂದು ದಾರಿ ಕಂಡುಕೊಂಡಿದ್ದಳು. ಪರಿಶೀಲನೆಯಲ್ಲಿ ತಪ್ಪಾಗಿದೆ ಎಂದು ಗೊತ್ತಾದರೆ ನಿರ್ದೇಶಕರು ಒಂದು ಮಾತಿನಲ್ಲಿ ವಿಲೀನವನ್ನು ತಡೆದು ಮತ್ತೆ ಪರಿಶೀಲನೆಗೆ ಹೇಳಬಹುದು. ತಪ್ಪು ಯಾರದ್ದು ಎಂಬುದೇ ಪ್ರಶ್ನೆ. ಊರಿನವರು ಮುಚ್ಚಿಟ್ಟರು, ಅಧಿಕಾರಿ ಮೋಸ ಹೋದಳು ಎಂದಾದರೆ ಯಾರ ತಲೆಯೂ ಹೋಗುವುದಿಲ್ಲ. ಸುಳ್ಳೂ ಅಲ್ಲವಲ್ಲ, ಮುಚ್ಚಿಟ್ಟಿದ್ದು ನಿಜ ತಾನೇ ಎಂದು ಬಸ್ಸಿನ ದಾರಿಯುದ್ದಕ್ಕೂ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಬಂದಿದ್ದಳು. ಮನಸ್ಸು ಒಪ್ಪಿರಲಿಲ್ಲ. ಆದರೂ ಬಂದಿದ್ದಳು.

ಚಿಕ್ಕಮ್ಮ ಮಿಷನ್ನಿನ ಮುಂದೆ ಕೂತು ಯಾವುದೋ ಮಗುವಿನ ಅಂಗಿ ಹೊಲಿಯುತ್ತಿದ್ದಳು. ಬಾ ಎಂದಳು, ಸೊರಗಿದೀಯಲ್ಲೇ ಎಂದಳು, ಕಾಲು ಮಾತ್ರ ತುಳಿಯುವುದನ್ನು ನಿಲ್ಲಿಸಲಿಲ್ಲ. ಅವಳು ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತು, ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನೆಲ್ಲ ಒಪ್ಪಿಸಿದಳು. ನಾಳೆಯ ಸಭೆ ನಿಲ್ಲುತ್ತದೆ, ಹೊಸ ಪಂಪು ಬರುತ್ತದೆ, ಪುರಸಭೆ ಉಳಿಯುತ್ತದೆ, ನೀನು ಅಧ್ಯಕ್ಷೆಯಾಗಿ ಇಷ್ಟು ಹೇಳಿದರೆ ಸಾಕು, ನಾವೇ ನಾಟಕ ಆಡಿ ಅಧಿಕಾರಿಗೆ ಮೋಸ ಮಾಡಿದೆವು ಅಂತ. ನಿನಗೆ ಸ್ವಲ್ಪ ಕೆಟ್ಟ ಹೆಸರು ಬರಬಹುದು, ಅಷ್ಟೇ ಎಂದಳು. ಅಷ್ಟೇ ಎಂಬ ಮಾತು ತನ್ನ ಬಾಯಿಂದ ಬಂದದ್ದು ಕೇಳಿ ಅವಳಿಗೇ ನಾಚಿಕೆಯಾಯಿತು.

ಚಿಕ್ಕಮ್ಮ ದಾರ ಕಡಿದು, ಅಂಗಿ ಕೊಡವಿ, ತೋಳು ಸರಿಯಾಗಿದೆಯೇ ಎಂದು ಬೆಳಕಿಗೆ ಹಿಡಿದಳು.

"ಹೇಳ್ತೀನಿ ಬಿಡು. ನನಗೇನು, ಹೋಗೋ ವಯಸ್ಸು. ನೀನು ಇನ್ನೂ ಅಲ್ಲಿ ಕೂತು ಅನ್ನ ತಿನ್ಬೇಕು."

ಇಷ್ಟು ಸುಲಭವಾಗಿ ಆಯಿತಲ್ಲ ಎಂದು ಅವಳು ಉಸಿರು ಬಿಟ್ಟಳು. ಚಿಕ್ಕಮ್ಮ ಅಂಗಿಯನ್ನು ಮಡಿಚಿ ಪಕ್ಕಕ್ಕಿಟ್ಟು, ಇನ್ನೊಂದು ಬಟ್ಟೆ ಕೈಗೆತ್ತಿಕೊಂಡು, ಸೂಜಿಗೆ ದಾರ ಪೋಣಿಸುತ್ತ ಕೇಳಿದಳು.

"ಅಡುಗೆಮನೆ ವಿಷಯಾನೂ ಹೇಳ್ಲಾ, ಅದು ಬೇಡ್ವಾ?"

ಅವಳು ಅತ್ತ ತಿರುಗಿದಳು. ತೆರೆದ ಬಾಗಿಲಿನಿಂದ ಅಡುಗೆಮನೆಯ ಕಟ್ಟೆ ಕಾಣುತ್ತಿತ್ತು. ಅಂದು ಆ ಕಟ್ಟೆಯ ಮೇಲೆ ಅಂಚಿನಿಂದ ಅಂಚಿನವರೆಗೆ ತುಂಬಿದ ಕೊಡಗಳಿದ್ದವು. ಅವುಗಳ ಪಕ್ಕ ಬೋಗುಣಿ, ಬಕೆಟ್ಟು, ಒಂದು ದೊಡ್ಡ ಡಬ್ಬದಲ್ಲಿ ಕೂಡ ನೀರು. ನಲ್ಲಿಯಲ್ಲಿ ನೀರು ಭರ್ರೆನ್ನುವ ಮನೆಯಲ್ಲಿ ಯಾರು ಹೀಗೆ ತುಂಬಿಡುತ್ತಾರೆ? ಶಾಲೆಗೆ ಹೋಗುತ್ತಿದ್ದಾಗ ನೀರು ಬಿಟ್ಟ ಹೊತ್ತಿನಲ್ಲಿ ಅವೇ ಕೊಡಗಳನ್ನು ತುಂಬಿಸಿ ಮುಚ್ಚಳ ಹಾಕುವುದು ಅವಳ ಪಾಲಿನ ಕೆಲಸವಾಗಿತ್ತು. ಅಂದು ಒಂದಕ್ಕೂ ಮುಚ್ಚಳವಿರಲಿಲ್ಲ.

"ಡ್ರಮ್ಮು ಒಳಗಿಡಿ ಅಂತ ಎಲ್ರೂ ಕುಣಿದ್ರು. ಬೇಡ್ರೋ, ಇದು ಬಹುಮಾನ ಕೊಡೋ ಪರೀಕ್ಷೆ ಅಲ್ಲ ಅಂದೆ. ನಮ್ಮ ಹುಡುಗಿ ಮುಖಕ್ಕೆ ಮಸಿ ಬಳೀತೀಯಾ ಅಂತ ನನ್ನ ಬಾಯಿ ಮುಚ್ಚಿಸಿದ್ರು" ಎಂದಳು ಚಿಕ್ಕಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಅಳತೆ ಹೇಳುವಾಗಿನ ದನಿ ಅದು. "ನಿನ್ನ ಹತ್ರ ಕೇಳೋಣ ಅಂದ್ರೆ ಆ ಹುಡುಗ ಇಲ್ಲೇ ಕೂತಿದ್ದ. ಅವನಿಲ್ದಿದ್ರೂ ನನ್ನ ಬಾಯಲ್ಲಿ ಬರ್ತಿರ್ಲಿಲ್ಲ ಅನ್ನು. ಅದಕ್ಕೆ ಕೊಡ ಎಲ್ಲ ತುಂಬಿಸಿ, ಮುಚ್ಚಳ ತೆಗೆದು ಇಟ್ಟಿದ್ದೆ. ಬೇರೆಯವ್ರಿಗೆ ತಿಳಿಯಲ್ಲ, ನಮ್ಮ ಪುಟ್ಟಿಗೆ ತಿಳಿಯುತ್ತೆ ಅಂತ."

ಚಿಕ್ಕಮ್ಮ ಬಟ್ಟೆಯ ಅಂಚನ್ನು ಮಡಚಿ ಉಗುರಿನಿಂದ ಒತ್ತಿದಳು.

"ನಿನಗೆ ಕಾಣ್ಲಿಲ್ಲ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ಅವಸರದಲ್ಲಿದ್ಲು, ಪಾಪ ಅಂತ. ಕಾಣ್ಲಿಲ್ಲ ತಾನೇ?"

ಆ ಕೊನೆಯ ಪ್ರಶ್ನೆಯಲ್ಲಿ ಚಿಕ್ಕಮ್ಮ ಅವಳಿಗೊಂದು ಬಾಗಿಲು ತೆರೆದಿಟ್ಟಿದ್ದಳು. ಹೌದು, ಕಾಣಲಿಲ್ಲ ಎಂದರೆ ಸಾಕಿತ್ತು, ನುಣುಚಿಕೊಂಡು ಸಂಜೆಯ ಬಸ್ಸು ಹಿಡಿಯಬಹುದಿತ್ತು. ಎಂದೂ ಯಾರ ಮುಂದೆಯೂ ಕೈ ಚಾಚದ ಹೆಂಗಸು ಜೀವಮಾನದಲ್ಲಿ ಒಮ್ಮೆ, ಅದೂ ಮಾತಿಲ್ಲದೆ, ಅವಳ ಮುಂದೆ ಕೈ ಚಾಚಿದ್ದಳು. ಅವಳು ಆ ಕೊಡಗಳನ್ನು ನೋಡಿದ್ದಳು. ನೋಡಿದ ಕ್ಷಣವೇ ತಿಳಿದಿತ್ತು. ಅವುಗಳಲ್ಲೊಂದರಿಂದ ಲೋಟದಲ್ಲಿ ನೀರು ಮೊಗೆದು ಕುಡಿದು, ಬಾಯಿ ಒರೆಸಿಕೊಂಡು, ಟೀ ಚೆನ್ನಾಗಿದೆ ಚಿಕ್ಕಮ್ಮ ಎಂದು ಹೊರಗೆ ಬಂದಿದ್ದಳು. ಚಿಕ್ಕಮ್ಮನ ಮರ್ಯಾದೆ ಅಂದು ಅವಳ ನೆನಪಿಗೇ ಬಂದಿರಲಿಲ್ಲ. ನೆನಪಿಗೆ ಬಂದದ್ದು ಮೂಲೆಯ ದಾಖಲೆ ಕೋಣೆ.

"ಕಂಡಿತ್ತು" ಎಂದಳು.

ಚಿಕ್ಕಮ್ಮ ಹೂಂ ಎಂದು, ಬಟ್ಟೆಯನ್ನು ಸೂಜಿಯ ಕೆಳಗಿಟ್ಟು ತುಳಿಯತೊಡಗಿದಳು. ಬೈದಿದ್ದರೆ, ಅತ್ತಿದ್ದರೆ, ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಚಿಕ್ಕಮ್ಮ ಹೊಲಿಗೆ ನೆಟ್ಟಗೆ ಬರುತ್ತಿದೆಯೇ ಎಂದಷ್ಟೇ ನೋಡುತ್ತಿದ್ದಳು.

ಅವಳು ಚೀಲದಿಂದ ಫೋನ್ ತೆಗೆದು ನಿರ್ದೇಶಕರ ನಂಬರು ಒತ್ತಿದಳು. ರಜೆಯ ದಿನ, ಅವರು ಎತ್ತದಿದ್ದರೆ ಒಳ್ಳೆಯದಿತ್ತು ಎಂದು ಆಗಲೂ ಮನಸ್ಸಿನ ಒಂದು ಮೂಲೆಯಲ್ಲಿ ಅನ್ನಿಸಿತು. ಎತ್ತಿದರು. ಅದನ್ನು ಕಂಡು ಚಿಕ್ಕಮ್ಮ ಇನ್ನೂ ಜೋರಾಗಿ ತುಳಿದಳು. ದೊಡ್ಡವರೊಡನೆ ಆಡುವ ಮಾತು ತನ್ನ ಕಿವಿಗೆ ಬೀಳದಿರಲಿ, ಮಗುವಿಗೆ ಮುಜುಗರವಾಗದಿರಲಿ ಎಂದು. ಚಿಕ್ಕಂದಿನಲ್ಲಿ ಅವಳು ಬಚ್ಚಲಲ್ಲಿ ಅಮ್ಮನನ್ನು ನೆನೆದು ಅಳುವಾಗಲೂ ಚಿಕ್ಕಮ್ಮ ಹೀಗೆಯೇ ಮಿಷನ್ ಓಡಿಸುತ್ತಿದ್ದಳು.

ಅವಳು ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ಮಿಷನ್ ನಿಲ್ಸು ಚಿಕ್ಕಮ್ಮ. ನೀನೂ ಕೇಳಿಸ್ಕೋಬೇಕು."

ಚಿಕ್ಕಮ್ಮ ಕಾಲು ತೆಗೆದಳು. ಚಕ್ರ ತನ್ನ ಪಾಡಿಗೆ ಒಂದಿಷ್ಟು ತಿರುಗಿ ನಿಂತಿತು. ಹೊರಗೆ ಟ್ಯಾಂಕರ್ ಈ ಬೀದಿಗೆ ಬಂತೆಂದು ಕಾಣುತ್ತದೆ, ಡ್ರಮ್ಮುಗಳನ್ನು ಎಳೆಯುವ ಸದ್ದು ಕೇಳಿಸಿತು. ಅವಳು ಅಂಗೈ ತೆಗೆದಳು.

"ಸರ್, ಈ ಊರಲ್ಲಿ ನೀರಿರ್ಲಿಲ್ಲ. ನನಗೆ ಅವತ್ತೇ ಗೊತ್ತಿತ್ತು. ಇಲ್ಲಿನ ಅಧ್ಯಕ್ಷೆ ನನ್ನನ್ನ ಸಾಕಿದವ್ರು."