ಪ್ರೊಪೆಲ್ಲರ್ ನಿಲ್ಲದಿದ್ದಕ್ಕೆ ಕಾರಣ

ಮೂವತ್ತು ವರ್ಷ ವಿಮಾನ ಹಾರಿಸಿದವನು ನಾನು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನನ್ನ ಸೊಸೆ ಪ್ರೊಪೆಲ್ಲರ್ ಮೆಕ್ಯಾನಿಕ್. ನಮ್ಮ ಎರಡು ಎಂಜಿನ್ ವಿಮಾನದ ಎಡಗಡೆಯ ಪ್ರೊಪೆಲ್ಲರನ್ನು ಬಿಚ್ಚಿ ಜೋಡಿಸಿ, ಎಲ್ಲ ಸರಿಯಿದೆ ಎಂದು ಮೊದಲ ಸಲ ತಾನೇ ಸಹಿ ಹಾಕಿದ್ದಳು. ಹಾರಿಸಿ ಪರೀಕ್ಷಿಸಬೇಕಾದವನು ನಾನು. ಫೇಲಾದರೆ ಅವಳು ಇನ್ನೊಂದು ವರ್ಷ ಬೇರೆಯವರಿಗೆ ಸ್ಪ್ಯಾನರ್ ಎತ್ತಿಕೊಡಬೇಕು. ಸಹಿ ಹಾಕಿದವರು ಪೈಲಟ್ ಪಕ್ಕದಲ್ಲೇ ಕೂರಬೇಕೆಂಬುದು ನಮ್ಮಲ್ಲಿನ ನಿಯಮ.

ಮೇಲೇರಿದರೂ ಕೆಳಗಿಳಿದರೂ ಪ್ರೊಪೆಲ್ಲರ್ ಒಂದೇ ವೇಗದಲ್ಲಿ ತಿರುಗಿತು. ಗವರ್ನರ್ ಎಂಬ ಪುಟ್ಟ ಯಂತ್ರ ಎಣ್ಣೆಯನ್ನು ಹೆಚ್ಚು ಕಡಿಮೆ ಮಾಡಿ ಅಲಗುಗಳ ಕೋನ ಬದಲಿಸುತ್ತಿರುತ್ತದೆ. ಹುಡುಕಿದರೂ ಒಂದು ತಪ್ಪು ಸಿಗದೆ ನನಗೆ ಬೇಸರವೇ ಆಯಿತು.

ಉಳಿದದ್ದು ಫೆದರ್. ಎಂಜಿನ್ ಕೆಟ್ಟಾಗ ಎಣ್ಣೆ ಹಿಂದೆ ಸರಿದು, ಒಳಗಿನ ಸ್ಪ್ರಿಂಗು ಅಲಗುಗಳ ಅಂಚನ್ನು ಗಾಳಿಗೆ ತಿರುಗಿಸಿ ನಿಲ್ಲಿಸಬೇಕು. ಇಲ್ಲದಿದ್ದರೆ ಪ್ರೊಪೆಲ್ಲರ್ ಗಾಳಿಗೆ ಸುಮ್ಮನೆ ತಿರುಗುತ್ತಾ ವಿಮಾನವನ್ನು ಹಿಂದಕ್ಕೆ ಜಗ್ಗುತ್ತದೆ. ನಾನು ಎಡ ಎಂಜಿನ್ನಿನ ಇಂಧನ ನಿಲ್ಲಿಸಿ, ಫೆದರ್ ಮಾಡುವ ಸನ್ನೆಕೋಲಿನ ಮೇಲೆ ಕೈಯಿಟ್ಟು, ಪಾಠ ಶುರುಮಾಡಿದೆ.

“ಒಂದೇ ಎಂಜಿನ್ ವಿಮಾನದಲ್ಲಿ ಎಣ್ಣೆ ಹೋದ್ರೆ ಅಲಗು ಉಲ್ಟಾ ಕಡೆ ತಿರುಗುತ್ತೆ, ಗೊತ್ತಾ? ನಮ್ಮ ಕಾಲದಲ್ಲಿ…”

“ಮಾವ, ಫೆದರ್ ಮಾಡಿ.”

“ಮಾಡ್ತೀನಿ ತಾಳಮ್ಮ. ಹಿರಿಯರು ಹೇಳೋದು ಸ್ವಲ್ಪ ಕೇಳು.”

ನಮ್ಮ ಕಾಲ ಮುಗಿಯುವಷ್ಟರಲ್ಲಿ ವಿಮಾನದ ವೇಗ ಇಳಿದಿತ್ತು. ಸನ್ನೆಕೋಲು ಎಳೆದೆ. ಪ್ರೊಪೆಲ್ಲರ್ ಮೆಲ್ಲಗೆ ತಿರುಗುತ್ತಲೇ ಇತ್ತು. ಅಲಗು ಜಪ್ಪಯ್ಯ ಅನ್ನಲಿಲ್ಲ.

“ನೋಡಿದ್ಯಾ?” ಎಂದೆ. ನಿಜ ಹೇಳಬೇಕೆಂದರೆ, ಖುಷಿಯಾಗಿತ್ತು.

“ನೀವು ತಡ ಮಾಡಿದ್ರಿ ಮಾವ. ತಿರುಗೋದು ತೀರಾ ನಿಧಾನ ಆದ್ರೆ ಒಳಗೆ ಪಿನ್ನು ಬಿದ್ದು ಅಲಗನ್ನ ಹಿಡ್ಕೊಳ್ಳುತ್ತೆ. ನೆಲದ ಮೇಲೆ ಎಂಜಿನ್ ಆರಿಸಿದಾಗ ಫೆದರ್ ಆಗ್ದಿರ್ಲಿ ಅಂತ ಇಟ್ಟಿರೋದು.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದುಕೊಂಡು ಎಂಜಿನ್ನನ್ನು ಮತ್ತೆ ಚಾಲೂ ಮಾಡಿದೆ. ಈ ಸಲ ಇಂಧನ ನಿಲ್ಲಿಸಿದ್ದೇ ತಡ, ಬಾಯಿಗೆ ಬೀಗ ಹಾಕಿಕೊಂಡು ಎಳೆದೆ. ಅಲಗುಗಳು ಗಾಳಿಗೆ ಅಂಚು ಕೊಟ್ಟು ನಿಂತೇಬಿಟ್ಟವು.

ಇಳಿದ ಮೇಲೆ ವರದಿ ಬರೆಯಲು ಕೂತೆ. ‘ಮೊದಲ ಸಲ ಫೆದರ್ ಆಗದಿದ್ದಕ್ಕೆ ಕಾರಣ’ ಎಂಬ ಜಾಗ ಖಾಲಿ ಬಿಟ್ಟರೆ ಮೆಕ್ಯಾನಿಕ್ಕಿನದೇ ತಪ್ಪು ಎಂದರ್ಥ. ಸೊಸೆ ದೂರದಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. ಒಂದು ಮಾತು ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು. ನನಗೆ ನಾಚಿಕೆಯಾಯಿತು.

‘ಪೈಲಟ್ ಮಾತಾಡುತ್ತಿದ್ದರು’ ಎಂದು ಬರೆದು ಅವಳ ಮುಂದೆ ಹಿಡಿದೆ.

“ಇಷ್ಟು ಸಾಕಾ?”

ಅವಳು ಎರಡು ಸಲ ಓದಿದಳು.

“‘ತುಂಬಾ’ ಅಂತ ಸೇರಿಸಿ ಮಾವ,” ಎಂದಳು.

ಸೇರಿಸಿ, ಸಹಿ ಹಾಕಿದೆ.