ತೋಳಹಾವಿನ ಶನಿವಾರ

"ಜರಾ ಬಿಗಿ ಹಿಡೀರಿ ವೈನಿ, ಕಾಲು ಸೆಟೀಲಿಕ್ಕತ್ತಾವ," ಎಂದ ಸಂಜೀವಕುಮಾರ, ಅಣ್ಣನ ಮೊಣಕಾಲನ್ನು ಎರಡೂ ಕೈಗಳಿಂದ ಒತ್ತುತ್ತ.

ಸೂಗಮ್ಮ ಗಂಡನ ಬೆನ್ನಿಗೆ ತನ್ನ ಭುಜ ಕೊಟ್ಟಳು. ನಸುಕಿನಲ್ಲಿ ಉಸಿರು ನಿಂತ ಮಹಾರುದ್ರಪ್ಪ ಮಾಸ್ತರರನ್ನು ಚಕ್ಕಂಬಕ್ಕಳ ಹಾಕಿಸಿ ಗೋಡೆಗೆ ಒರಗಿಸಬೇಕಿತ್ತು. ಈ ಮನೆತನದಲ್ಲಿ ಸತ್ತವರು ಕೂತೇ ಹೋಗುತ್ತಾರೆ, ಕೂತೇ ಮಣ್ಣಾಗುತ್ತಾರೆ. ಗೋಡೆಯ ಮೊಳೆಗೆ ಬಿಳಿ ಪಂಚೆ ಕಟ್ಟಿ ಎದೆಯ ಸುತ್ತ ತಂದು ಬಿಗಿದರು. ಆದರೂ ಗದ್ದ ಮತ್ತೆ ಮತ್ತೆ ಎದೆಗೆ ಜೋತು ಬೀಳುತ್ತಿತ್ತು. ಆರು ವರ್ಷ ಯಾರ ಮುಂದೆಯೂ ತಲೆ ಎತ್ತದವರು ಈಗ ಹೇಗೆ ಎತ್ತುತ್ತಾರೆ ಎಂದುಕೊಂಡಳು ಅವಳು.

ಹುಮನಾಬಾದಿನಿಂದ ಹೂವು, ವಿಭೂತಿ ಬಂದಿದ್ದವು. ಅಂಗಳದಲ್ಲಿ ಬಿದಿರು ಸೀಳಿ, ಹೆಣ ಕೂಡಿಸಿ ಹೊರುವ ವಿಮಾನ ಕಟ್ಟುತ್ತಿದ್ದರು. ಮಾಸ್ತರರ ಜೊತೆ ಊರ ಶಾಲೆಯಲ್ಲಿ ಗಣಿತ ಕಲಿಸಿದ್ದ ಅಬ್ದುಲ್ ಕರೀಂ ಪ್ಯಾಂಟಿನ ಕಾಲು ಮಡಚಿಕೊಂಡು ಹಳ್ಳ ನೋಡಿ ಬಂದರು.

"ಸೊಂಟಮಟ ನೀರದ. ಕೆಳಗೆಲ್ಲ ಕೆಸರು. ಟ್ರ್ಯಾಕ್ಟರ್ ಹೋಗಂಗಿಲ್ಲ."

"ಹೊತ್ತು ದಾಟಿಸಿದ್ರಾಯ್ತು," ಎಂದ ಸಂಜೀವಕುಮಾರ.

"ನಮ್ಮ ಮಯ್ಯತ್ ಆಗಿದ್ರ ದಾಟಿಸ್ತಿದ್ವಿ, ಮಲಗಿರ್ತದ. ನಿಮ್ಮವರು ಮ್ಯಾಲ ಕೂತಿರ್ತಾರ. ಹೊರೋರ ಕಾಲು ಒಂದು ಜಾರಿದ್ರ ಪಲ್ಟಿ. ಗಣಿತ ಕಲ್ತಿಲ್ಲೇನು ನನ್ನ ಹತ್ರ? ಹಾಕು ಲೆಕ್ಕ."

"ನಿಮ್ಮ ಹತ್ರ ಕಲ್ತಿದ್ದಕ್ಕೇ ಕಿರಾಣಿ ಅಂಗಡಿ ಇಟ್ಟೀನ್ರಿ ಸರ್."

ಯಾರೋ ನಕ್ಕು, ಒಳಗೆ ಹೆಣವಿದ್ದದ್ದು ನೆನಪಾಗಿ ಸುಮ್ಮನಾದರು. ಸೂಗಮ್ಮನ ಅತ್ತೆ ಮಾವನ ಸಮಾಧಿಗಳಿದ್ದ ಹೊಲ ಹಳ್ಳದಾಚೆ ಇತ್ತು. ಹಳ್ಳಕ್ಕೆ ಇಳಿಯದೆ ಅಲ್ಲಿಗೆ ಹೋಗುವ ದಾರಿ ಒಂದೇ. ಅದು ಹಳ್ಳ ಬಳಸಿಕೊಂಡು ಹೋಗುವ, ಕುರಿಗಾರ ಅಂಬಾದಾಸನ ಹೊಲದೊಳಗಿನ ಹಳೆಯ ಬಂಡಿದಾರಿ. ತನ್ನ ಮಗ ಸತ್ತ ವರ್ಷ ಅವನು ಅದಕ್ಕೆ ಜಾಲಿಮುಳ್ಳು ಬಡಿದಿದ್ದ.

"ನಾ ಹೋಗಿ ಕೇಳ್ತೀನಿ," ಎಂದಳು ಸೂಗಮ್ಮ.

"ಹೆಣದ ಮುಂದಿಂದ ಎದ್ದು ಹೋಗ್ತೀರೇನ್ ವೈನಿ? ಅದೂ ಅವನ ಮನಿಗಿ?"

ಅವಳು ಆಗಲೇ ಚಪ್ಪಲಿ ಹುಡುಕುತ್ತಿದ್ದಳು.

*

ಆರು ವರ್ಷದ ಹಿಂದಿನ ಆ ಶನಿವಾರದ ಸಂಗತಿಯನ್ನು ಗಂಡನ ಬಾಯಿಂದಲೇ ಅವಳು ಎಷ್ಟೋ ಸಲ ಕೇಳಿದ್ದಳು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮಾಸ್ತರರು ಮಕ್ಕಳನ್ನು ಕರೆದುಕೊಂಡು ಹೊರಡುತ್ತಿದ್ದರು. ಕೆಂಪು ಮಣ್ಣು ಮುಗಿದು ಕಪ್ಪು ಮಣ್ಣು ಶುರುವಾಗುವ ಗಡಿ, ತೊಗರಿ ಬೇರಿನ ಗಂಟು, ಗೀಜಗನ ಗೂಡಿನ ಹೆಣಿಗೆ, ಎಲ್ಲವನ್ನೂ ಮುಟ್ಟಿ ನೋಡಬೇಕು. ಪಟ ತೋರಿಸಿ ಪಾಠ ಮಾಡುವುದು ಅವರಿಗೆ ಆಗದು. "ಪಟ ನೋಡೋದಂದ್ರ ಊಟದ ಹೆಸರು ಕೇಳಿ ಕೈ ತೊಳದಂಗ," ಎನ್ನುತ್ತಿದ್ದರು. ಕಣ್ಣಿಗೆ ಬಿದ್ದದ್ದನ್ನಷ್ಟೇ ಕಲಿಸಬೇಕು. ಅದೊಂದೇ ಅವರ ಹಟ.

ಅಂದು ಕಲ್ಲಿನ ಗುಡ್ಡೆಯ ಕೆಳಗೆ ಸಿಕ್ಕದ್ದು ತೋಳಹಾವು. ಕಂದು ಮೈ, ಮೇಲೆ ಮಾಸಲು ಬಿಳಿ ಪಟ್ಟಿ. ಮಾಸ್ತರರು ಅದನ್ನು ಅಂಗೈ ಮೇಲೆ ಹರಿಯಬಿಟ್ಟರು. "ಇದಕ್ಕ ವಿಷ ಇಲ್ಲ. ಸುಮ್‌ಸುಮ್ನೆ ಹೊಡೀಬಾರ್ದು." ಅಂಬಾದಾಸನ ಮಗ ದತ್ತಾತ್ರಿ ಮುಂದೆ ಬಂದು ತನ್ನ ಮುಂಗೈ ಒಡ್ಡಿದ. ಕುರಿಗಾರರ ಹುಡುಗ, ಅಂಜಲಿಲ್ಲ.

ಹಿಂದೆ ನಿಂತ ಮಯೂರಿ ಎಂಬ ಹುಡುಗಿ ಕೇಳಿದ್ದಳು, "ಸರ್, ಇದರಂಗೇ ಕಾಣೋದು ವಿಷದ ಹಾವು ಇರ್ತದೇನ್ರಿ?"

"ಇರ್ತದ. ಕಡಂಬಳ ಅಂತ. ಸಿಕ್ಕಾಗ ತೋರಸ್ತೀನಿ."

ಶಾಲೆಯ ಕಪಾಟಿನಲ್ಲಿ ಅದರ ಪಟ ಇತ್ತು. ಬಿಳಿ ಪಟ್ಟಿ ಕುತ್ತಿಗೆಯಿಂದಲೇ ಶುರುವಾದರೆ ಯಾವುದು, ಬಾಲದ ಕಡೆ ದಟ್ಟವಾದರೆ ಯಾವುದು ಎಂದು ಎರಡು ಮಾತಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ.

ಮುಂದಿನ ಶನಿವಾರ ಬರುವ ಮೊದಲೇ ಒಂದು ರಾತ್ರಿ ಅಂಬಾದಾಸನ ಕುರಿಹಟ್ಟಿಯಲ್ಲಿ ಕಂಬಳಿಯ ಪಕ್ಕ ಹಾವು ಕಂಡಿತು. ದತ್ತಾತ್ರಿ ಅದನ್ನು ಕೈಯಲ್ಲಿ ಎತ್ತಿ ಬೇಲಿಯಾಚೆ ಬಿಟ್ಟು ಬಂದ. ಅದು ಕಡಂಬಳ, ಕಚ್ಚಿದ್ದು ತಿಳಿಯಲೂ ಇಲ್ಲ. ಬಾವು ಬರಲಿಲ್ಲ, ನೋವೂ ಆಗಲಿಲ್ಲ. ಮಲಗಿದ. ಬೆಳಗಾಗುವಾಗ ರೆಪ್ಪೆ ತೆರೆಯಲಾರದಾದ. ಜೀಪು ಹುಮನಾಬಾದ್ ಮುಟ್ಟುವುದರೊಳಗೆ ಉಸಿರು ನಿಂತಿತ್ತು.

ವಿಚಾರಣೆ ಆಯಿತು. ಮಾಸ್ತರರನ್ನು ಬಸವಕಲ್ಯಾಣದ ಕಡೆಗೆ ವರ್ಗ ಮಾಡಿದರು. ಅಲ್ಲಿ ಮಕ್ಕಳು ಮರದ ಕೆಳಗೆ ಕೂಡೋಣ ಎಂದು ಕೇಳಿದರೂ ಅವರು ಎದ್ದು ಕಿಟಕಿ ಹಾಕಿ, "ಪುಸ್ತಕ ತೆಗೀರಿ," ಎನ್ನುತ್ತಿದ್ದರಂತೆ.

*

ಅಂಬಾದಾಸ ಕುರಿಯೊಂದನ್ನು ಕೆಡವಿ ಅದರ ಬೆಳೆದ ಗೊರಸು ಕತ್ತರಿಸುತ್ತಿದ್ದ. ಸೂಗಮ್ಮನನ್ನೂ ಹಿಂದೆ ಬಂದ ಅಬ್ದುಲ್ ಕರೀಮರನ್ನೂ ನೋಡಿದ. ಏಳಲಿಲ್ಲ.

"ಸುದ್ದಿ ಮುಟ್ಯಾದ," ಎಂದ.

ಬಾಗಿಲಲ್ಲಿ ಅವನ ಹೆಂಡತಿ ರುಕ್ಮಿಣಿಬಾಯಿ ನಿಂತಿದ್ದಳು. "ಸತ್ತ ಮನಿಯಿಂದ ಬಂದಾಳ. ನೀರರೆ ಕೊಡ್ಲೇನು?"

"ಕೊಡು. ನೀರಿಗಿ ಯಾರು ಬ್ಯಾಡ ಅಂತಾರ."

ಸೂಗಮ್ಮ ತಂಬಿಗೆ ಹಿಡಿದುಕೊಂಡಳು, ಕುಡಿಯಲಿಲ್ಲ. "ದಾರಿ ಕೇಳಾಕ ಬಂದೀನಿ ಅಂಬಾದಾಸಣ್ಣ. ಇದೊಂದೇ ಸಲ. ಹಳ್ಳದಾಗ ಅವರು ಮುಗ್ಗರಿಸಿ ಬಿದ್ದರ, ನಾ ಇರೋತನಕ ಅದೇ ಕಣ್ಣಾಗ ಇರ್ತದ."

"ನನ್ನ ಕಣ್ಣಾಗ ಏನದ ಗೊತ್ತೇನ್ರಿ ನಿಮಗ?" ಅವನು ಕತ್ತರಿ ಕೆಳಗಿಟ್ಟ. "ಬಡಿಗಿ ಎತ್ತಿದ್ದೆ ನಾನು. ಸಣ್ಣಾಂವಿದ್ದಾಗಿಂದ ಹಾವು ಬಡದ ಕೈ ಇದು. 'ಅಪ್ಪಾ ಹೊಡೀಬ್ಯಾಡ, ಅದಕ್ಕ ವಿಷ ಇಲ್ಲ, ಸರ್ ತೋರಿಸ್ಯಾರ' ಅಂದ. ಬಡಿಗಿ ಇಳಿಸಿದೆ. ಖುಷಿ ಆಯ್ತು ನೋಡ್ರಿ ನನಗ. ನಮ್ಮ ಮನ್ಯಾಗ ಒಬ್ಬ ಶ್ಯಾಣ್ಯಾ ಹುಟ್ಯಾನ ಅಂತ, ಆ ರಾತ್ರಿ ಖುಷೀಲೇ ಮಲ್ಕೊಂಡೆ."

ಕುರಿ ಕಾಲು ಝಾಡಿಸಿತು. ಅವನು ಅದನ್ನು ಮೊಣಕಾಲಲ್ಲಿ ಒತ್ತಿ ಹಿಡಿದ.

"ಮಾಸ್ತರರ ಮನಸ್ಸಿನ್ಯಾಗ ಕೆಟ್ಟದ್ದೇನೂ..." ಎಂದು ಅಬ್ದುಲ್ ಕರೀಂ ಶುರು ಮಾಡಿದರು.

ಸೂಗಮ್ಮ ಕೈ ಅಡ್ಡ ಹಿಡಿದಳು. "ತಪ್ಪು ಅವರದೇ. ಅರ್ಧಾನೇ ಕಲಿಸಿದ್ರು. ಯಾರರೆ ಬಂದು ಮುಖದ ಮ್ಯಾಲ ಅಂದ್ಬಿಡ್ಲಿ ಅಂತ ಕಾಯ್ತಿದ್ರು. ನೀವು ಬರಲಿಲ್ಲ."

"ನಾ ಯಾಕ ಬರ್ಲಿ? ಅವರಿಗಿ ಹಗುರ ಮಾಡಾಕೇನು?"

ಅವಳು ತಂಬಿಗೆಯನ್ನು ಹೊಸ್ತಿಲ ಬಳಿ ಇಟ್ಟಳು. ಅವನು ಮತ್ತೆ ಕತ್ತರಿ ಎತ್ತಿಕೊಂಡ. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ತಿರುಗಿ ಬರುವಾಗ ಅಬ್ದುಲ್ ಕರೀಂ ಕೇಳಿದರು, "ಏನಂತ ತಿಳೀಬೇಕು ಭಾಬಿ ಇದನ್ನ?"

"ಹೋಗಿ ನೋಡಬೇಕು."

*

ಮಧ್ಯಾಹ್ನದ ಬಿಸಿಲಿಗೆ ವಿಮಾನ ಎದ್ದಿತು. ಮುಂದೆ ಭಜನೆಯವರು, ನಡುವೆ ನಾಲ್ವರ ಹೆಗಲ ಮೇಲೆ ಮಾಸ್ತರರು. ಊರ ತಿರುವಿನಲ್ಲಿ ಹಳೆಯ ವಿದ್ಯಾರ್ಥಿಗಳು ಕೆಲವರು ನಿಂತಿದ್ದರು. ಬರಬೇಕೋ ಬಾರದೋ ತಿಳಿಯದೆ ಹಿಂದಿನಿಂದ, ಅಂತರ ಬಿಟ್ಟು ಬಂದರು.

ಅಂಬಾದಾಸನ ಹೊಲ ಹತ್ತಿರವಾದಂತೆ ಭಜನೆ ತಾನಾಗಿ ತಗ್ಗಿತು. ಸೂಗಮ್ಮ ಹೊರುವವರ ಸಂದಿಯಿಂದ ಇಣುಕಿದಳು. ಬೇಲಿ ತೆರೆದಿತ್ತು. ಜಾಲಿಕೊಂಬೆಗಳನ್ನು ಎಳೆದು ಬದುವಿನ ಮೇಲೆ ಒಟ್ಟಿದ್ದರು. ಅಲ್ಲಿ ಯಾರೂ ಇರಲಿಲ್ಲ.

"ಬಿಟ್ಟಾನ," ಎಂದ ಸಂಜೀವಕುಮಾರ. "ಮನುಷ್ಯಾ ಅವ."

ಹಸಿ ಎರೆಮಣ್ಣು ಕಾಲನ್ನು ಹಿಡಿಯುತ್ತಿತ್ತು. ವಿಮಾನ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿತು. ಆದರೆ ಮಾಸ್ತರರು ಬೀಳಲಿಲ್ಲ. ಹಣೆಗೆ ಬಿಗಿದು ಬಿದಿರಿಗೆ ಕಟ್ಟಿದ ಪಟ್ಟಿ ತಲೆಯನ್ನು ಎತ್ತಿ ಹಿಡಿದಿತ್ತು. ಅತ್ತೆ ಮಾವನ ಪಕ್ಕದಲ್ಲಿ ಕುಣಿ ಸಿದ್ಧವಿತ್ತು. ಮಠದ ಅಯ್ಯನವರು ಕ್ರಿಯೆ ಮುಗಿಸಿದರು. ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಕೂಡಿಸಿ, ಎಡ ಅಂಗೈಗೆ ಲಿಂಗ ಕೊಟ್ಟು, ಪತ್ರಿ ವಿಭೂತಿ ತುಂಬಿ ಮಣ್ಣು ಎಳೆದರು. ಸೂಗಮ್ಮ ಕೊನೆಯ ಹಿಡಿ ಮಣ್ಣು ಹಾಕಿ ಕೈ ಒರೆಸಿಕೊಂಡಳು. ಕೂತೇ ಹೋದರಲ್ಲ ಎಂಬ ಒಂದು ಸಮಾಧಾನ ಎದೆಗೆ ಇಳಿಯುತ್ತಿತ್ತು.

ಮರಳುವಾಗ ಮುಂದೆ ಹೋದವರು ನಿಂತುಬಿಟ್ಟರು. ಅಂಬಾದಾಸನ ಹೊಲದ ಸಮಾಧಿ ಕಡೆಯ ಬದಿಗೆ, ದಾರಿಗೆ ಅಡ್ಡವಾಗಿ, ಹೊಸದಾಗಿ ಕಡಿದ ಜಾಲಿ ಬಿದ್ದಿತ್ತು. ಎಲೆ ಇನ್ನೂ ಬಾಡಿರಲಿಲ್ಲ.

"ಇದೇನ್ರಿ ಇದು? ಈಗ ತಾನೇ ಬಿಟ್ಟಿದ್ದ," ಎಂದ ಸಂಜೀವಕುಮಾರ. "ಮೂರನೇ ದಿನ ಹಾಲು ಎರೀಲಿಕ್ಕಿ ಹ್ಯಾಂಗ ಬರೋದು?"

"ಬಿಟ್ಟಿದ್ದು ಅವರಿಗಿ," ಎಂದಳು ಸೂಗಮ್ಮ. "ನಮಗಲ್ಲ. ನಡೀರಿ, ಹಳ್ಳಕ್ಕ ಇಳಿಯೋಣ."

ಅವಳು ಮಾತ್ರ ಒಂದು ಗಳಿಗೆ ಮುಳ್ಳಿನ ಬಳಿ ಉಳಿದಳು. ಹೊಲದ ಆ ತುದಿಯಿಂದ ಅಂಬಾದಾಸ ಎತ್ತು ಹೂಡಿ, ಅವರು ನಡೆದು ಬಂದ ಬಂಡಿದಾರಿಯ ಮೇಲೆಯೇ ಕುಂಟೆ ಹೊಡೆಯುತ್ತ ಬರುತ್ತಿದ್ದ. ಹೆಜ್ಜೆಗಳು ಒಂದೊಂದಾಗಿ ಕಪ್ಪು ಹೆಂಟೆಯಡಿ ಮುಚ್ಚಿಹೋಗುತ್ತಿದ್ದವು. ಅವನು ತಲೆ ಎತ್ತಲಿಲ್ಲ. ಹಿಂದೆ ಬೆಳ್ಳಕ್ಕಿಗಳು ಇಳಿದು, ಎದ್ದ ಹಸಿ ಮಣ್ಣಿನಲ್ಲಿ ಹುಳು ಹೆಕ್ಕುತ್ತಿದ್ದವು.